ಹೆಸರು, ಫೋನ್ ನಂಬರ್ ಕಳಿಸದಿದ್ದರೂ ಟೆಲಿಮೆಟ್ರಿಯಿಂದ ತೊಂದರೆ ಏನು?

ಟೆಲಿಮೆಟ್ರಿ ಅಂದರೆ ಸಾಫ್ಟ್‌ವೇರ್ ತನ್ನ ಬಳಕೆಯ ಲೆಕ್ಕವನ್ನು ತಾನೇ ಕಂಪನಿಗೆ ಕಳಿಸುವುದು. ಅದೂ ಒಂದು ಕೋಡ್ ಅಲ್ವಾ? ಕೆಡಬಹುದು, ಕೆಡಿಸಬಹುದು. 2022ರ ಜನವರಿ 13ರಂದು ಫೈರ್‌ಫಾಕ್ಸ್ ಬ್ರೌಸರ್ ಸುಮಾರು ಎರಡು ತಾಸು ಕೈಕೊಟ್ಟಿತ್ತು. ಮೂಲ ದೋಷ ಎಚ್‌ಟಿಟಿಪಿ/3 (ಬ್ರೌಸರ್ ಸರ್ವರ್ ಜೊತೆ ಮಾತಾಡುವ ಒಂದು ವಿಧಾನ) ಕೋಡಿನಲ್ಲಿತ್ತು, ಅದನ್ನು ಕೆರಳಿಸಿದ್ದು ಟೆಲಿಮೆಟ್ರಿ. ಟೆಲಿಮೆಟ್ರಿ ಆಫ್ ಮಾಡಿದವರಿಗೆ ಆ ಕಾಟ ಇರಲಿಲ್ಲ!

ನನಗೆ ಇದಕ್ಕಿಂತ ಜಾಸ್ತಿ ಕಿರಿಕಿರಿ ಅನಿಸುವುದು ಬರೀ ಎಣಿಕೆ ನೋಡಿ ತೀರ್ಮಾನ ಮಾಡುವುದು. ನಮ್ಮ ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮು ಕೆಲವೇ ತಿಂಗಳು. ಸಾಫ್ಟ್‌ವೇರ್‌ನಲ್ಲಿ ಆಗ ಮಾತ್ರ ಬೇಕಾಗುವ ರಿಪೋರ್ಟ್ ಜೂನ್‌ನಲ್ಲಿ 'ಯಾರೂ ಬಳಸುತ್ತಿಲ್ಲ' ಅಂತ ಕಾಣುತ್ತದೆ. ಮುಂದಿನ ಅಪ್‌ಡೇಟ್‌ನಲ್ಲಿ ಅದನ್ನು ತೆಗೆದೇ ಹಾಕಬಹುದು. ಟೆಲಿಮೆಟ್ರಿ ಆಫ್ ಮಾಡಿದವರು, ನೆಟ್ ಇಲ್ಲದೆ ಕೆಲಸ ಮಾಡುವವರು ಆ ಲೆಕ್ಕಕ್ಕೇ ಸೇರುವುದಿಲ್ಲ.