ಬಿಷಪ್ಪರು ಹೇಳಿದವರಿಗೇ ಕ್ಯಾಥೊಲಿಕರು ವೋಟು ಹಾಕಬೇಕಾ?

ನೀವು ಕೇಳಿದ್ದು ಎರಡು ವಿಷಯ. ಕ್ಯಾಥೊಲಿಕರು ಬಿಷಪ್ಪರು ತೋರಿಸಿದ ಪಕ್ಷಕ್ಕೇ ವೋಟು ಹಾಕಬೇಕಾ? ನಮಗೆ ಸರ್ಕಾರಕ್ಕಿಂತ ಪೋಪ್ ದೊಡ್ಡವರಾ? ನಾನು ತೀರ್ಥಹಳ್ಳಿ ಕಡೆಯ ಕೊಂಕಣಿ ಕ್ಯಾಥೊಲಿಕ್. ನಮ್ಮದು 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗೆ ಬರುವ ಪ್ರದೇಶ.

ಮೊದಲನೆಯದು ಸುಲಭ. ಹಾಗೇನೂ ಇಲ್ಲ. ಚುನಾವಣೆ ಬಂದಾಗ ನಮ್ಮ ಫಾದರ್ ಬಲಿಪೂಜೆಯ ಕೊನೆಗೆ "ತಪ್ಪದೆ ವೋಟು ಹಾಕಿ, ದುಡ್ಡು ತಗೊಂಡು ಹಾಕಬೇಡಿ" ಅನ್ನುತ್ತಾರೆ, ಅಷ್ಟೇ. ಹೊರಗೆ ಅಂಗಳಕ್ಕೆ ಬಂದರೆ ಎಲ್ಲ ಪಕ್ಷದವರೂ ಸಿಗುತ್ತಾರೆ. ನಮ್ಮ ಮನೆಯಲ್ಲೇ ಅಪ್ಪನದು ಒಂದು ಪಕ್ಷ, ಮಾವನದು ಇನ್ನೊಂದು. ಪಾದ್ರಿಗಳು ಸರ್ಕಾರದ ಅಧಿಕಾರ ಹಿಡಿಯಬಾರದು ಅಂತ 1983ರ ಚರ್ಚ್ ಕಾನೂನಿನಲ್ಲೇ ಇದೆ. ಅದಕ್ಕೂ ಮೊದಲೇ, ಅಮೆರಿಕದ ಸಂಸತ್ತಿನಲ್ಲಿ ಹತ್ತು ವರ್ಷ ಇದ್ದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಪಾದ್ರಿ ರಾಬರ್ಟ್ ಡ್ರೈನನ್ ಅವರಿಗೆ 1980ರಲ್ಲಿ ರೋಮ್‌ನಿಂದ, ಅಂದರೆ ಪೋಪರಿಂದ, ಚುನಾವಣೆಗೆ ನಿಲ್ಲಬಾರದು ಅಂತ ಆದೇಶ ಬಂತು. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಎರಡನೆಯದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೈಸರನದನ್ನು (ರೋಮಿನ ಚಕ್ರವರ್ತಿಯದನ್ನು) ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿ ಅಂದರು ಯೇಸು. ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳ ನೂರಾರು ವರ್ಷ ನಡೆಯಿತು. ಬಿಷಪ್ಪರನ್ನು ನೇಮಿಸುವವರು ಯಾರು ಅನ್ನುವ ಗಲಾಟೆಯಲ್ಲಿ, 1077ರಲ್ಲಿ ಜರ್ಮನಿಯ ರಾಜ ನಾಲ್ಕನೇ ಹೆನ್ರಿ ಕನೋಸಾ ಕೋಟೆಯ ಮುಂದೆ ಚಳಿಯಲ್ಲಿ ನಿಂತು ಪೋಪರ ಕ್ಷಮೆ ಬೇಡಿದ. 1864ರಲ್ಲೂ ಚರ್ಚು ಮತ್ತು ಸರ್ಕಾರ ಬೇರೆ ಬೇರೆ ಇರಬೇಕು ಅನ್ನುವುದನ್ನೇ ರೋಮ್ ತಪ್ಪು ಎಂದಿತ್ತು. ಇದನ್ನು ನಾವು ಮುಚ್ಚಿಡಬಾರದು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕ್ಯಾಥೊಲಿಕ್ ಬಿಷಪ್ಪರು ಸೇರಿದ ಸಭೆ, ಬೇರೆ ಮಾತು ಆಡಿತು. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು, ಚರ್ಚು ಮತ್ತು ಸರ್ಕಾರ ತಮ್ಮ ತಮ್ಮ ಜಾಗದಲ್ಲಿ ಸ್ವತಂತ್ರ ಎಂದಿತು. ತುಂಬಾ ತಡವಾಗಿ ಬಂದರೂ ನಾನು ಮನಸಾರೆ ಒಪ್ಪುವ ಮಾತು ಇದು.

ಹಾಗಂತ ನಂಬಿಕೆಯನ್ನು ಮನೆಯಲ್ಲಿಟ್ಟು ವೋಟು ಹಾಕಲು ಹೋಗೋದಕ್ಕೆ ಆಗಲ್ಲ, ಅಲ್ವಾ? 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಒಂದು ಪತ್ರ ಬರೆದರು. ಕೂಲಿಯವನು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯದ್ದಾಗುವುದಿಲ್ಲ, ಅದು ಹೊಟ್ಟೆಬಟ್ಟೆಗೆ ಸಾಲಬೇಕು ಅನ್ನುತ್ತದೆ ಅದು. ಓದಿದಾಗೆಲ್ಲ ನನಗೆ ಸಾಗರದ ಹತ್ತಿರದ ಕಾಗೋಡು ನೆನಪಾಗುತ್ತದೆ. 1951ರ ಆ ಸತ್ಯಾಗ್ರಹಕ್ಕೂ ಚರ್ಚಿಗೂ ಸಂಬಂಧವಿಲ್ಲ. ಅದು ಗೇಣಿದಾರರದ್ದು, ಅವರ ಜೊತೆ ನಿಂತ ಸಮಾಜವಾದಿಗಳದ್ದು. ಜಗಳ ಎದ್ದಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಬಡವನಿಗೆ ಬೇರೆ ದಾರಿಯಿಲ್ಲ ಅಂತ ಅಳತೆಯನ್ನೇ ದೊಡ್ಡದು ಮಾಡಿದರೆ ಅದು ಪಾಪ. ನನ್ನ ಧರ್ಮ ನನಗೆ ಕಲಿಸಿದ್ದು ಇದನ್ನೇ.

1931ರಲ್ಲಿ ಹನ್ನೊಂದನೇ ಪಿಯುಸ್ ಇನ್ನೊಂದು ಸೂತ್ರ ಕೊಟ್ಟರು. ಚಿಕ್ಕವರು ಮಾಡಬಲ್ಲ ಕೆಲಸವನ್ನು ದೊಡ್ಡವರು ಕಿತ್ತುಕೊಳ್ಳಬಾರದು, ಕೈಲಾಗದಾಗ ನೆರವಿಗೆ ಬರಬೇಕು. ಮಲೆನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಹಳ್ಳಕ್ಕೆ ಅಡಿಕೆ ಮರ ಜೋಡಿಸಿ ಕಾಲುಸಂಕ ಕಟ್ಟೋದು ಕೇರಿಯವರಿಗೆ ಗೊತ್ತು. ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಆದರೆ ಆಷಾಢದ ಮಳೆಗೆ ಸಂಕ ಕೊಚ್ಚಿಹೋಗಿ ಮಕ್ಕಳು ಶಾಲೆ ಬಿಟ್ಟು ಮನೆಯಲ್ಲಿ ಕೂತರೆ, ನೀವೇ ನೋಡ್ಕೊಳ್ಳಿ ಅಂತ ಸರ್ಕಾರ ಸುಮ್ನೆ ಇರುವ ಹಾಗಿಲ್ಲ. ಗಟ್ಟಿ ಸಂಕ ಹಾಕಿಸಿಕೊಡಬೇಕು.

ಗ್ರಾಮಸಭೆಯಲ್ಲಿ ನಾನು ಎದ್ದು ಕೇಳುವುದೂ ಇದನ್ನೇ. ನಮ್ಮ ವಾರ್ಡಿನಲ್ಲಿ ಇದಕ್ಕಾಗಿ ಓಡಾಡಿದವರು ಕ್ಯಾಥೊಲಿಕರಲ್ಲ. ನನ್ನ ವೋಟು ಅವರಿಗೇ ಹೋಯಿತು.