ಮೂರು ದಿನ ಬಿಸಿಲಿದೆ ಅಂದ್ರೆ ನದಿಗೆ ಇಳಿಯಬಹುದಾ? (ವಸಂತದ ಟ್ರೆಕ್ ಮತ್ತು ಕಯಾಕ್ ಪ್ರಶ್ನೆಗೆ ಉತ್ತರ)

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಮೊಬೈಲಿನಲ್ಲಿ ಕುಟ್ಟಿದರೆ ಮುಗಿಯೋದಿಲ್ಲ ಅಂತ ಬೆಳಗ್ಗೆ ಕೂತು ಬರೆಯುತ್ತಿದ್ದೇನೆ. ವಸಂತದ ಶುರುವಿನಲ್ಲಿ ಮೂರು ದಿನದ ಪ್ಲ್ಯಾನ್, ಎರಡು ದಿನ ಹಿಮ ಇರುವ ಬೆಟ್ಟ ಹತ್ತಿ ಇಳಿಯುವುದು, ಮೂರನೇ ದಿನ ಕೆಳಗಿನ ನದಿಯಲ್ಲಿ ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ. ಆ್ಯಪ್ ತೆಗೆದರೆ ಮೂರು ದಿನವೂ ಸೂರ್ಯನ ಚಿತ್ರ, 18 ಡಿಗ್ರಿ. ಮಳೆ ಇಲ್ಲವಲ್ಲ, ಹಾಗಾದರೆ ನೀರೂ ಶಾಂತವಾಗಿರುತ್ತೆ, ತೆಳ್ಳಗಿನ ಜಾಕೆಟ್ ಸಾಕು ಅಲ್ವಾ ಅಂತ ಕೇಳಿದ್ದೀರಿ.

ಮಳೆ ಇಲ್ಲ ಅನ್ನೋದು ಸರಿ. ಆದರೆ ವಸಂತದಲ್ಲಿ ಬೆಟ್ಟದ ನದಿಗೆ ಬಿಸಿಲೇ ಮಳೆ. ಒಂದು ತುಂಡು ಮೋಡವೂ ಇಲ್ಲದ ಆಕಾಶದ ಕೆಳಗೆ ನೀರು ಕಂದು ಬಣ್ಣಕ್ಕೆ ತಿರುಗಿ ದಡದ ಹುಲ್ಲು ಮುಟ್ಟುವುದನ್ನು ಮೊದಲ ಸಲ ನೋಡಿದಾಗ, ಮೇಲೆ ಎಲ್ಲೋ ಗೇಟ್ ತೆಗೆದಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ. ನಿಮ್ಮ ಪ್ಲ್ಯಾನ್‌ನಲ್ಲಿ ನನಗೆ ಒಂದೇ ದೊಡ್ಡ ತಕರಾರು. ನದಿಯನ್ನು ಮೂರನೇ ದಿನಕ್ಕೆ ಇಟ್ಟಿದ್ದೀರಿ. ಅದನ್ನು ಮೊದಲನೇ ದಿನಕ್ಕೆ ತನ್ನಿ, ಬೆಟ್ಟ ಆಮೇಲೆ.

ಯಾಕೆ ಅಂದರೆ, ಚಳಿಗಾಲ ಮುಗಿಯುವಾಗ ಹಿಮದ ರಾಶಿ ಒಳಗೆಲ್ಲ ಸೊನ್ನೆಗಿಂತ ತಣ್ಣಗಿರುತ್ತದೆ. ಮೊದಲ ಬೆಚ್ಚಗಿನ ದಿನ ಮೇಲಿನ ಪದರ ಕರಗಿದರೂ ಆ ನೀರು ಒಳಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ, ಇಲ್ಲವೇ ಸ್ಪಂಜಿನಲ್ಲಿ ನಿಂತ ಹಾಗೆ ಅಲ್ಲೇ ನಿಲ್ಲುತ್ತದೆ. ಇಡೀ ರಾಶಿ ಸೊನ್ನೆಗೆ ಬಂದು, ಸಾಕಷ್ಟು ನೀರು ಕುಡಿದ ಮೇಲೆಯೇ ಅದು ಹೊರಗೆ ಬಿಡೋಕೆ ಶುರು ಮಾಡುವುದು. ಒಂದು ಕಿಲೋ ಮಂಜುಗಡ್ಡೆ ಕರಗಿಸುವ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು, ಹಾಗಾಗಿ ಇದು ನಿಧಾನದ ಕೆಲಸ. ಆದರೆ ಒಮ್ಮೆ ರಾಶಿ ನೆನೆದು ತಯಾರಾಯಿತು ಅಂದರೆ ಮುಗೀತು, ಅವತ್ತು ಕರಗಿದ್ದು ತಡ ಇಲ್ಲದೆ ಹಳ್ಳ ಸೇರುತ್ತದೆ. ಮೊದಲ ದಿನ ಬಿಸಿಲಿದ್ದರೂ ನದಿ ಸುಮ್ನೆ ಇರುತ್ತೆ, ಎರಡನೇ ದಿನ ಸ್ವಲ್ಪ ಏರುತ್ತೆ, ಮೂರನೇ ನಾಲ್ಕನೇ ದಿನ ಎಗರುತ್ತೆ. ಎಲ್ಲ ಕಡೆ ಇದೇ ಲೆಕ್ಕ ಅಂತ ಹೇಳಲಾಗದು, ಮುಂಚೆಯೇ ನೆನೆದ ಹಿಮ ಇದ್ದರೆ ಮೊದಲ ದಿನವೇ ಏರಬಹುದು. ಆದರೂ ಬಿಸಿಲು ಸಾಲಾಗಿ ಬಿದ್ದಷ್ಟೂ ನದಿಗೆ ಜಾಸ್ತಿ ಅನ್ನೋದು ಖಚಿತ, ಮತ್ತು ನೀವು ನೀರಿಗೆ ಇಳಿಯಬೇಕು ಅಂತಿರುವುದು ಸರಿಯಾಗಿ ಆ ಮೂರನೇ ದಿನವೇ.

ದಿನದೊಳಗಿನ ಏರಿಳಿತ ಬೇರೆ. ಒಂದು ಸಲ ನದಿ ಪಕ್ಕ ಟೆಂಟ್ ಹಾಕಿದ್ದೆವು. ಸಂಜೆ ಆರು ಗಂಟೆಗೆ ನೀರಿನ ಅಂಚಿಗೆ ಸರಿಯಾಗಿ ಒಂದು ಚಪ್ಪಟೆ ಕಲ್ಲು ನಿಲ್ಲಿಸಿ ಗುರುತು ಮಾಡಿದೆ. ಎಂಟಕ್ಕೆ ನೋಡಿದೆ, ಅಲ್ಲೇ ಇತ್ತು. ಸರಿ, ಬಿಸಿಲು ಹೋಯಿತು, ಇನ್ನೇನು ಏರೋದಿಲ್ಲ ಅಂತ ಮಲಗಿದೆವು. ರಾತ್ರಿ ಎರಡಕ್ಕೆ ಎಚ್ಚರ ಆಗಿದ್ದು ಶಬ್ದಕ್ಕೆ, ನೀರಿನ ತಳದಲ್ಲಿ ಕಲ್ಲುಗಳು ಒಂದಕ್ಕೊಂದು ಬಡಿದುಕೊಂಡು ಹೋಗುವ ಮಂದ ಸದ್ದು, ನೆಲಕ್ಕೆ ಕಿವಿ ಇಟ್ಟ ಹಾಗೆ ಕೇಳುತ್ತಿತ್ತು. ಟಾರ್ಚ್ ಹಾಕಿದರೆ ನನ್ನ ಕಲ್ಲು ಕಾಣಲಿಲ್ಲ. ಅಂಚು ಎರಡು ಹೆಜ್ಜೆ ಈಚೆ ಬಂದಿತ್ತು, ದಡಕ್ಕೆ ಎಳೆದಿಟ್ಟ ಕಯಾಕ್‌ನ ಬಾಲ ಆಗಲೇ ತೇಲುತ್ತಿತ್ತು. ಇನ್ನೊಂದು ಗಂಟೆ ಮಲಗಿದ್ದರೆ ಬೆಳಗ್ಗೆ ನಡೆದುಕೊಂಡು ವಾಪಸ್.

ಆಗಿದ್ದಿಷ್ಟೇ, ಮೇಲೆ ಮಧ್ಯಾಹ್ನ ಕರಗಿದ ನೀರು ಕೆಳಗೆ ಬರೋಕೆ ಟೈಮ್ ಬೇಕು. ಹಿಮದ ಬುಡದಲ್ಲೇ ಇರುವ ಸಣ್ಣ ಹಳ್ಳ ಸಂಜೆ ಹೊತ್ತಿಗೆ ಗರಿಷ್ಠಕ್ಕೆ ಬಂದು ಬೆಳಗಿನ ಜಾವ ತೀರಾ ಕೆಳಗಿರುತ್ತದೆ. ಅದೇ ನೀರು ಹತ್ತಾರು ಕಿಲೋಮೀಟರ್ ಕೆಳಗಿನ ದೊಡ್ಡ ನದಿ ಮುಟ್ಟುವಾಗ ಮಧ್ಯರಾತ್ರಿ, ಒಮ್ಮೊಮ್ಮೆ ಮರುದಿನ ಬೆಳಗ್ಗೆ. ಹಾಗಾಗಿ ಬೆಳಗ್ಗೆ ನೀರು ಕಡಿಮೆ ಇರುತ್ತೆ ಅನ್ನುವ ಮಾತು ಮೇಲಿನ ಹಳ್ಳಕ್ಕೆ ನಿಜ, ಕೆಳಗಿನ ನದಿಗೆ ಸುಳ್ಳಾಗಬಹುದು. ನಿಮ್ಮ ನದಿಗೆ ಗೇಜ್ (ನೀರಿನ ಮಟ್ಟ, ಹರಿವು ಅಳೆಯುವ ಮಾಪಕ) ಇದ್ದು ಅದರ ಗ್ರಾಫ್ ಸಿಗುತ್ತದೆ ಅಂದರೆ ಈ ಕ್ಷಣದ ಅಂಕಿ ನೋಡಬೇಡಿ, ಹಿಂದಿನ ನಾಲ್ಕೈದು ದಿನದ ಗೆರೆ ನೋಡಿ. ಗರಗಸದ ಹಲ್ಲಿನ ಹಾಗೆ ದಿನಕ್ಕೊಂದು ಏರು, ಒಂದು ಇಳಿತ ಕಾಣುತ್ತದೆ. ಏರು ಎಷ್ಟು ಗಂಟೆಗೆ ಬರುತ್ತಿದೆ, ದಿನದಿಂದ ದಿನಕ್ಕೆ ಹಲ್ಲುಗಳು ಮೇಲೆ ಮೇಲೆ ಹೋಗುತ್ತಿವೆಯಾ, ಇವೆರಡು ಗೊತ್ತಾದರೆ ಅರ್ಧ ಕೆಲಸ ಆಯಿತು. ಅಂಕಿ ಸೆಕೆಂಡಿಗೆ ಇಷ್ಟು ಘನ ಮೀಟರ್ ಅಂತ ಇದ್ದರೆ, 1 ಘನ ಮೀಟರ್ ಅಂದರೆ ಸುಮಾರು 35 ಘನ ಅಡಿ, ಅಂದರೆ 35 ಕ್ಯುಸೆಕ್. ಗೈಡ್ ಪುಸ್ತಕದಲ್ಲಿ ಒಂದು ಲೆಕ್ಕ, ಗೇಜ್‌ನಲ್ಲಿ ಇನ್ನೊಂದು ಲೆಕ್ಕ ಇದ್ದು ಎಡವಟ್ಟಾಗುವುದು ನೋಡಿದ್ದೇನೆ.

ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ಸುಮಾರು ನಾಲ್ಕು ಪಟ್ಟು. ಇದು ಮೇಲೆ ಹಳ್ಳ ದಾಟುವಾಗ ನೆನಪಿರಲಿ. ಬೆಳಗ್ಗೆ ಮೀನಖಂಡದವರೆಗೆ ಇದ್ದ ಹಳ್ಳವನ್ನು ಸಂಜೆ ವಾಪಸ್ ಬರುವಾಗಲೂ ಹಾಗೇ ದಾಟಬಹುದು ಅಂದುಕೊಂಡು ಹೋಗುವವರೇ ಜಾಸ್ತಿ. ರಭಸ ಇರುವ ನೀರು ಮಂಡಿ ಮೇಲೆ ಬಂದರೆ ನಾನು ದಾಟುವುದಿಲ್ಲ, ಕಾಯುತ್ತೇನೆ, ಬೇಕಾದರೆ ರಾತ್ರಿ ಅಲ್ಲೇ ಕಳೆದು ಬೆಳಗ್ಗೆ ದಾಟುತ್ತೇನೆ. ದಾಟಲೇಬೇಕಾದಾಗ ಕಿರಿದಾದ ಜಾಗ ಹುಡುಕಬೇಡಿ, ಅಗಲವಾಗಿ ಹರಡಿರುವ ಕಡೆ ಆಳ ಕಡಿಮೆ. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗ್ ಕಳಚಲು ಬರಬೇಕು.

ಈಗ ಆ 18 ಡಿಗ್ರಿ. ಅದು ಎಲ್ಲಿಯದು? ಆ್ಯಪ್ ತೋರಿಸುವುದು ಹೆಚ್ಚಾಗಿ ಕೆಳಗಿನ ಊರಿನ ಹವಾಮಾನ. ಸಾವಿರ ಮೀಟರ್ ಹತ್ತಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಊರು 600 ಮೀಟರ್ ಎತ್ತರದಲ್ಲಿದ್ದು ನೀವು 2600ಕ್ಕೆ ಹೋಗುತ್ತೀರಿ ಅಂದರೆ 18ರಲ್ಲಿ 13 ಕಳೀರಿ, 5 ಉಳಿಯಿತು. ಮೇಲೆ ಗಂಟೆಗೆ 40 ಕಿಲೋಮೀಟರ್ ಗಾಳಿ ಇದ್ದರೆ ಮೈಗೆ ಅದು ಸೊನ್ನೆಗಿಂತ ಸ್ವಲ್ಪ ಕೆಳಗೇ ಅನಿಸುತ್ತದೆ. ಬೆವತು ಒದ್ದೆಯಾದ ಬಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತದೆ. ತೆಳ್ಳಗಿನ ಜಾಕೆಟ್ ಹತ್ತುವಾಗ ಸಾಕು, ನಿಲ್ಲುವಾಗ ಸಾಲದು. ಗಾಳಿ ತಡೆಯುವ ಹೊದಿಕೆ ಒಂದು, ಒಣಗಿದ ಬನಿಯನ್ ಒಂದು, ಗ್ಲೌಸ್ ಎರಡು ಜೊತೆ ಬ್ಯಾಗಿನಲ್ಲಿರಲಿ.

ಅದಕ್ಕಿಂತ ಮುಖ್ಯ ರಾತ್ರಿಯ ವಿಷಯ. ವಸಂತದ ಬೆಟ್ಟಕ್ಕೆ ಹೊರಡುವವರು ಹಗಲು ಹೇಗಿರುತ್ತೆ ಅಂತ ಕೇಳುತ್ತಾರೆ. ನಾನು ರಾತ್ರಿ ಆಕಾಶ ತೆರೆದಿತ್ತಾ ಅಂತ ಕೇಳುತ್ತೇನೆ. ನಕ್ಷತ್ರ ಕಾಣುವ ರಾತ್ರಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ, ಗಾಳಿ ಒಂದೆರಡು ಡಿಗ್ರಿ ಮೇಲಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಮುಚ್ಚಿದರೆ ಕಂಬಳಿ ಹೊದಿಸಿದ ಹಾಗೆ, ಹೆಪ್ಪುಗಟ್ಟುವುದೇ ಇಲ್ಲ. ಆ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ನಿನ್ನೆ ನಿಂತ ಜಾಗದಿಂದಲೇ ಕರಗುವುದು ಮುಂದುವರಿಯುತ್ತದೆ. ಒದ್ದೆ ಹಿಮಕುಸಿತಕ್ಕೆ ಇದಕ್ಕಿಂತ ಒಳ್ಳೆ ದಿನ ಬೇಕಿಲ್ಲ.

ಗುರುತು ಹಿಡಿಯುವುದು ಬೂಟಿನಲ್ಲಿ. ಬೆಳಗ್ಗೆ ಆರಕ್ಕೆ ಹಿಮದ ಮೇಲೆ ಕಾಲಿಟ್ಟರೆ ಕರಕರ ಅನ್ನಬೇಕು, ಹಿಮ್ಮಡಿ ಒತ್ತಿದರೂ ಒಂದು ಇಂಚು ಇಳಿಯಬಾರದು. ಆಗ ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು ಹಾಕಿಕೊಂಡು ನಡೆಯುವ ಹೊತ್ತು, ಜಾರಿದರೆ ನಿಲ್ಲುವುದು ಕಷ್ಟ, ಅದೂ ಗೊತ್ತಿರಲಿ. ಒಂಬತ್ತೋ ಹತ್ತೋ ಆದಾಗ ಮೇಲಿನ ಒಂದೆರಡು ಇಂಚು ಸಕ್ಕರೆ ಹರಳಿನ ಹಾಗೆ ಸಡಿಲವಾಗುತ್ತದೆ, ನಡೆಯೋಕೆ ಅದೇ ಒಳ್ಳೆ ಸಮಯ. ಆಮೇಲೆ ಒಂದು ಹೆಜ್ಜೆ ಪಾದ ಮುಳುಗುತ್ತದೆ, ಇನ್ನೊಂದು ಹೆಜ್ಜೆ ಮೀನಖಂಡ. ಮೀನಖಂಡ ಮುಳುಗಿತಾ, ಕಡಿದಾದ ಇಳಿಜಾರಿನ ಮೇಲೂ ಅದರ ಕೆಳಗೂ ನೀವು ಇರಬಾರದು. ಮೇಲಿನಿಂದ ಹಿಮದ ಉಂಡೆಗಳು ತಾವಾಗೇ ಉರುಳಿ ಗೆರೆ ಬಿಡುತ್ತಾ ಬರುವುದು ಕಂಡರೂ ಅಷ್ಟೇ. ಪೂರ್ವಕ್ಕೆ ಮುಖ ಇರುವ ಇಳಿಜಾರು ಮೊದಲು ಹಾಳಾಗುತ್ತದೆ, ಪಶ್ಚಿಮದ್ದು ಕೊನೆಗೆ, ಅದನ್ನು ನೋಡಿಕೊಂಡು ದಾರಿ ಆರಿಸಿ. ಆ ಕಡೆ ಹಿಮಕುಸಿತದ ಮುನ್ಸೂಚನೆ ಕೊಡುತ್ತಾರೆ ಅಂದರೆ 1ರಿಂದ 5ರವರೆಗಿನ ಅಂಕಿ ಇರುತ್ತದೆ. 3 ಅಂದರೆ ಮಧ್ಯದಲ್ಲಿದೆ, ಪರವಾಗಿಲ್ಲ ಅಂತ ಓದಬೇಡಿ, ಅಲ್ಲಿಗೆ ಅಪಾಯ ಗಣನೀಯ ಅಂತಲೇ ಅರ್ಥ.

ಹಿಮದ ಕೆಳಗೆ ಹರಿಯುವ ಹಳ್ಳಗಳ ಬಗ್ಗೆಯೂ ಎಚ್ಚರ. ಮೇಲಿನಿಂದ ಬಿಳಿ ಬಯಲು, ಒಳಗೆ ನೀರು ಕೊರೆದು ತೆಳ್ಳಗಾದ ಸೇತುವೆ. ಕಿವಿಗೊಟ್ಟರೆ ನೀರಿನ ಸದ್ದು ಕೇಳುತ್ತದೆ, ಮಧ್ಯದಲ್ಲಿ ಸ್ವಲ್ಪ ತಗ್ಗು ಕಾಣುತ್ತದೆ. ಬೆಳಗ್ಗೆ ತಡೆದಿದ್ದು ಮಧ್ಯಾಹ್ನ ತಡೆಯುತ್ತೆ ಅಂತ ನಂಬಬೇಡಿ.

ಇನ್ನು ನೀರಿಗೆ ಹಾಕುವ ಬಟ್ಟೆ. ಹೊರಗೆ 18 ಇರಲಿ 25 ಇರಲಿ, ಕರಗಿದ ಹಿಮದ ನೀರು ಐದಾರು ಡಿಗ್ರಿ ಇದ್ದರೆ ಹೆಚ್ಚು. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆಯುತ್ತದೆ. ಬಿದ್ದ ಕೂಡಲೇ ಉಸಿರು ತಾನಾಗೇ ಒಳಗೆ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನೊಳಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ತರೋಕೆ, ಕೈಕಾಲು ಕೆಲಸ ಮಾಡುವುದು ಸುಮಾರು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಒಂದು ಗಂಟೆ, ಈ ಲೆಕ್ಕವನ್ನು ತಣ್ಣೀರಿನ ರಕ್ಷಣೆ ಕಲಿಸುವವರು ಹೇಳಿಕೊಡುತ್ತಾರೆ. ರಭಸದ ನದಿಯಲ್ಲಿ ಹತ್ತು ನಿಮಿಷವೂ ಪೂರ್ತಿ ಸಿಗೋದಿಲ್ಲ. ನೀರು ಒಳಗೆ ಬಿಡದ ಡ್ರೈಸೂಟ್ ಇದ್ದರೆ ಅದೇ ಹಾಕಿ, ಒಳಗೆ ಬೆಚ್ಚಗಿನ ಪದರ. ಇಲ್ಲವಾದರೆ ಒದ್ದೆಯಾದರೂ ಮೈ ಬೆಚ್ಚಗಿಡುವ ರಬ್ಬರಿನಂಥ ದಪ್ಪನೆಯ ವೆಟ್‌ಸೂಟ್. ದಡದಲ್ಲಿ ಬೇಯುತ್ತೀರಿ, ಬೇಯಲಿ ಬಿಡಿ. ಹತ್ತಿಯ ಟೀಶರ್ಟ್ ಮೇಲೆ ಲೈಫ್ ಜಾಕೆಟ್ ಹಾಕಿ ಫೋಟೋಗೆ ನಿಲ್ಲುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತೆ, ಕ್ಷಮಿಸಿ.

ವಸಂತದ ನದಿಯಲ್ಲಿ ನಾನು ಅಲೆಗಿಂತ ಜಾಸ್ತಿ ಹೆದರುವುದು ಮರಕ್ಕೆ. ಚಳಿಗಾಲದಲ್ಲಿ ಬಿದ್ದ ಮರಗಳೆಲ್ಲ ಈಗ ತೇಲಿ ಬಂದು ತಿರುವುಗಳಲ್ಲಿ ಅಡ್ಡ ಸಿಕ್ಕಿಕೊಂಡಿರುತ್ತವೆ. ನೀರು ಕೊಂಬೆಗಳ ನಡುವೆ ಸೋಸಿಕೊಂಡು ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಬೀಳುತ್ತಾನೆ. ಹೋದ ವರ್ಷ ಚೆನ್ನಾಗಿ ಗೊತ್ತಿದ್ದ ನದಿ ಈ ವರ್ಷ ಬೇರೆ ನದಿ ಅಂತಲೇ ತಿಳಿಯಿರಿ. ಮುಂದೆ ಕಾಣದ ತಿರುವು ಬಂದರೆ ಇಳಿದು ನಡೆದು ನೋಡಿ. ಕಯಾಕ್ ಮಗುಚಿ ಈಜುವಾಗ ಅಂಗಾತ ಮಲಗಿ ಕಾಲು ಮುಂದೆ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಮರಕ್ಕೆ ಬಡಿಯುವುದು ತಪ್ಪೋದೇ ಇಲ್ಲ ಅನ್ನುವಾಗ ಬೋರಲಾಗಿ ತಿರುಗಿ, ತಲೆ ಮುಂದೆ ಮಾಡಿ ಅದರ ಕಡೆಗೇ ಜೋರಾಗಿ ಈಜಿ ಮೇಲೆ ಹತ್ತಬೇಕು. ಕಾಲು ಮುಂದಿದ್ದರೆ ಕೊಂಬೆಯ ಕೆಳಗೆ ಹೋಗುತ್ತೀರಿ.

ಮಧ್ಯಾಹ್ನ ಹೂಕೋಸಿನ ಹಾಗೆ ಮೋಡ ಮೇಲೇಳುತ್ತಾ ಹೋದರೆ ಗುಡುಗು ಬರುವ ಸೂಚನೆ, ಆ ಹೊತ್ತಿಗೆ ನೆತ್ತಿ ಬಿಟ್ಟು ಇಳಿದಿರಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ. ಕಪ್ಪು ಕನ್ನಡಕ ಮರೆಯಬೇಡಿ, ಹೊಸ ಹಿಮ ನೇರಳಾತೀತ ಕಿರಣದ ಶೇಕಡಾ 80ರಷ್ಟನ್ನು ವಾಪಸ್ ಮುಖಕ್ಕೆ ಎಸೆಯುತ್ತದೆ. ಮೂಗಿನ ಹೊಳ್ಳೆಯ ಕೆಳಗೂ ಕ್ರೀಮ್ ಹಚ್ಚಿ, ನಗಬೇಡಿ, ಸುಟ್ಟ ಮೇಲೆ ಗೊತ್ತಾಗುತ್ತೆ.

ಮುನ್ಸೂಚನೆಯಲ್ಲಿ ಬೆಚ್ಚಗಿನ ಒದ್ದೆ ಗಾಳಿಯ ಜೊತೆ ಮಳೆ ಅಂತ ಬದಲಾದರೆ ಮಾತ್ರ ಬೆಟ್ಟ, ನದಿ ಎರಡನ್ನೂ ಬಿಡಿ. ಮಳೆನೀರಿಗಿಂತ ಆ ತೇವದ ಗಾಳಿ ಹಿಮದ ಮೇಲೆ ನೀರಾಗುವಾಗ ಬಿಡುವ ಶಾಖವೇ ಜಾಸ್ತಿ ಕರಗಿಸುತ್ತದೆ. ಮಳೆ, ಕರಗಿದ ಹಿಮ ಎರಡೂ ಒಟ್ಟಿಗೆ ಬಂದರೆ ನದಿ ಗಂಟೆಗಳಲ್ಲಿ ಏರುತ್ತದೆ.

ಹೊರಡುವ ಹಿಂದಿನ ಸಂಜೆ ಮೂರು ವಿಷಯ ಇಲ್ಲಿ ಹಾಕಿ: ಸೊನ್ನೆ ಡಿಗ್ರಿ ಮಟ್ಟ (ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ) ಎಷ್ಟು ಮೀಟರ್‌ನಲ್ಲಿದೆ, ರಾತ್ರಿ ಮೋಡ ಎಷ್ಟು, ಗೇಜ್‌ನ ಹಿಂದಿನ ಐದು ದಿನದ ಗೆರೆ. ನದಿ ಮೊದಲ ದಿನಕ್ಕೆ ತಂದರೂ ಗೆರೆ ಆಗಲೇ ಏರುತ್ತಿದ್ದರೆ ಕಯಾಕ್ ಮನೆಯಲ್ಲೇ ಬಿಟ್ಟು ಹೋಗಿ ಅಂತಲೂ ಹೇಳಬಹುದು, ಬೇಜಾರು ಮಾಡ್ಕೋಬೇಡಿ.