ತಳಿವಿಜ್ಞಾನವೋ, ನರವಿಜ್ಞಾನವೋ?

ಪ್ರಶ್ನೆ: ಒಂದೇ ವಿಶ್ವವಿದ್ಯಾಲಯದ ಎರಡು ಪಿಎಚ್‌ಡಿ ವಿಭಾಗಗಳಲ್ಲಿ ನನಗೆ ಸೀಟು ಸಿಕ್ಕಿದೆ, ತಳಿವಿಜ್ಞಾನ ಮತ್ತು ನರವಿಜ್ಞಾನ. ನೆನಪು ಮಿದುಳಿನಲ್ಲಿ ಹೇಗೆ ಉಳಿಯುತ್ತದೆ ಅನ್ನೋದು ನನ್ನ ಆಸಕ್ತಿ. ಎರಡೂ ಕಡೆ ಆ ಕೆಲಸ ನಡೆಯುತ್ತಿದೆ. ಎಂಎಸ್ಸಿ ಗೈಡ್ ತಳಿವಿಜ್ಞಾನವೇ ಸರಿ ಅನ್ನುತ್ತಾರೆ. ಆಪ್ತ ಗೆಳತಿ ನರವಿಜ್ಞಾನಕ್ಕೆ ಸೇರುತ್ತಿದ್ದಾಳೆ. ತಪ್ಪು ಆರಿಸಿದರೆ ಜೀವನಪೂರ್ತಿ ಅದೇ ಹಣೆಪಟ್ಟಿ ಹೊತ್ತು ತಿರುಗಬೇಕಲ್ಲ ಅಂತ ಭಯ. ಏನು ಮಾಡಲಿ?

ಉತ್ತರ: ಹಣೆಪಟ್ಟಿಯ ಭಯವನ್ನು ಮೊದಲು ಬಿಡಿ. ಬಾರ್ಬರಾ ಮೆಕ್ಲಿಂಟಾಕ್ 1927ರಲ್ಲಿ ಪಿಎಚ್‌ಡಿ ಪಡೆದದ್ದು ಸಸ್ಯವಿಜ್ಞಾನದಲ್ಲಿ. 1983ರಲ್ಲಿ ಅವರಿಗೆ ನೊಬೆಲ್ ಬಂದದ್ದು ವೈದ್ಯಕೀಯಕ್ಕೆ.

ನಿಮ್ಮ ನೆನಪಿನ ವಿಷಯಕ್ಕೇ ಬರೋಣ. ತಳಿವಿಜ್ಞಾನಿ ಸೀಮೋರ್ ಬೆಂಜರ್ ಓದಿದ್ದು ಭೌತವಿಜ್ಞಾನ, ಆಮೇಲೆ ಹಿಡಿದದ್ದು ಹಣ್ಣುನೊಣ. ಇಂಥ ವಾಸನೆ ಬಂದರೆ ಶಾಕ್ ಹೊಡೆಯುತ್ತದೆ ಅನ್ನೋದನ್ನು ಕಲಿಯಲಾಗದ ಒಂದು ತಳಿಯ ನೊಣವನ್ನು 1976ರಲ್ಲಿ ಅವರ ಲ್ಯಾಬ್ ವರದಿ ಮಾಡಿತು. ಅದರಲ್ಲಿ ಕೆಟ್ಟಿದ್ದದ್ದು ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಒಡೆಯುವ ಕಿಣ್ವದ ಜೀನ್ ಅಂತ ಆಮೇಲೆ ಗೊತ್ತಾಯಿತು. ಅತ್ತ ನರವಿಜ್ಞಾನದಲ್ಲಿ ಎರಿಕ್ ಕ್ಯಾಂಡೆಲ್ ಸಮುದ್ರದ ಬಸವನಹುಳುವಿನ ನರಕೋಶಗಳಿಗೆ ಎಲೆಕ್ಟ್ರೋಡ್ ಚುಚ್ಚಿ ನೆನಪಿನ ಗುಟ್ಟು ಹುಡುಕುತ್ತಿದ್ದರು. ಅವರೂ ಬಂದು ನಿಂತದ್ದು ಅದೇ ಅಣುವಿನ ಮುಂದೆ. 2000ದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಅಂದಹಾಗೆ, ಅವರು ಮನೋವೈದ್ಯರು, ಪಿಎಚ್‌ಡಿ ಮಾಡಿದವರೇ ಅಲ್ಲ!

ಇಬ್ಬರ ಪ್ರಶ್ನೆ ಒಂದೇ, ದಿನದ ಕೆಲಸ ಬೇರೆ. ತಳಿವಿಜ್ಞಾನದವರು ಒಂದು ಜೀನ್ ಕೆಡಿಸಿ ಏನಾಗುತ್ತದೆ ಅಂತ ನೋಡುತ್ತಾರೆ. ತಳಿ ಬೆರೆಸುವುದು, ಮರಿಗಳನ್ನು ಎಣಿಸುವುದು, ಮತ್ತೆ ಬೆರೆಸುವುದು. ನರವಿಜ್ಞಾನದವರು ಒಂದು ಕೋಶ ಸ್ಪಂದಿಸಲಿ ಅಂತ ಗಂಟೆಗಟ್ಟಲೆ ಕಾಯುತ್ತಾರೆ, ಆಮೇಲೆ ಆ ದತ್ತಾಂಶದ ರಾಶಿಗೆ ಕೋಡ್ ಬರೆಯುತ್ತಾ ಕೂರುತ್ತಾರೆ. ಕೋರ್ಸ್‌ವರ್ಕ್, ಅರ್ಹತಾ ಪರೀಕ್ಷೆ ಎಲ್ಲ ಸೇರಿ ಮೊದಲೆರಡು ವರ್ಷದಲ್ಲಿ ನಿಮಗೂ ಆ ಅಭ್ಯಾಸ ಅಂಟುತ್ತದೆ. ಪ್ರಯೋಗ ಕೈಕೊಟ್ಟ ದಿನವೂ ಯಾವ ಕೆಲಸ ಬೇಸರವಾಗದು? ಅದನ್ನು ಕೇಳಿಕೊಳ್ಳಿ.

ಇನ್ನು ಎರಡೂ ವಿಭಾಗಗಳಿಗೆ ಇವತ್ತೇ ಪತ್ರ ಬರೆಯಿರಿ. ಒಂದು ವಿಭಾಗದ ವಿದ್ಯಾರ್ಥಿ ಇನ್ನೊಂದರ ಲ್ಯಾಬ್ ಸೇರಬಹುದಾ? ಸೇರಬಹುದು ಅಂದರೆ ನಿಮ್ಮ ತಲೆನೋವು ಅರ್ಧ ಕಡಿಮೆ. ಗೈಡ್ ಆರಿಸುವ ಮೊದಲು ಕೆಲವು ಲ್ಯಾಬ್‌ಗಳಲ್ಲಿ ಸ್ವಲ್ಪ ಸ್ವಲ್ಪ ದಿನ ಕೆಲಸ ಮಾಡಿ ನೋಡುವ ಅವಕಾಶ ಇದೆಯಾ? ಗೈಡ್‌ನ ಅನುದಾನ ಮುಗಿದರೆ ಫೆಲೋಶಿಪ್ ಯಾರು ಕೊಡುತ್ತಾರೆ? ಈ ವರ್ಷ ಯಾರ್‍ಯಾರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ? ಒಬ್ಬರೇ ಒಬ್ಬ ಗೈಡ್‌ನ ನಂಬಿ ಸೇರಬೇಡಿ. ಅವರು ಬೇರೆ ಕಡೆ ಹೋಗಿಬಿಡಬಹುದು, ಅಥವಾ ಅವರಿಗೂ ನಿಮಗೂ ಹೊಂದಿಕೆಯಾಗದೇ ಇರಬಹುದು. ಮೂವರಾದರೂ ಇಷ್ಟವಾಗಬೇಕು. ಆ ಲ್ಯಾಬ್‌ಗಳ ಹಿರಿಯ ವಿದ್ಯಾರ್ಥಿಗಳ ಜೊತೆ, ಗೈಡ್ ಇಲ್ಲದಾಗ, ಮಾತಾಡಿ. ಮಧ್ಯದಲ್ಲಿ ಬಿಟ್ಟುಹೋದವರು ಯಾಕೆ ಹೋದರು ಅಂತ ಕೇಳಿ. ಮುಜುಗರವಾಗುತ್ತದೆ, ಆದರೂ ಕೇಳಿ.

ನಿಮ್ಮ ಎಂಎಸ್ಸಿ ಗೈಡ್ ಮಾತಿಗೆ ಬೆಲೆ ಇದೆ. ಆದರೆ ಕಾರಣ ಹೇಳಿದ್ದಾರಾ? ನೀವು ಬರೆದಿಲ್ಲ. ಅವರು ತಮ್ಮ ಹಾದಿಯನ್ನೇ ತೋರಿಸುತ್ತಿರಬಹುದು, ಸುಮ್ನೆ ಕೇಳಿಬಿಡಿ. ಗೆಳತಿ ಹೇಗೂ ಅದೇ ಕ್ಯಾಂಪಸ್‌ನಲ್ಲಿ ಇರುತ್ತಾಳೆ, ಅಲ್ವಾ?

ನನ್ನನ್ನೇ ಕೇಳಿದರೆ, ಉಳಿದದ್ದೆಲ್ಲ ಸಮ ಅನ್ನಿಸಿದಾಗ, ನರವಿಜ್ಞಾನ. ನಿಮ್ಮ ಪತ್ರದಲ್ಲಿ ಮಿದುಳಿದೆ, ನೆನಪಿದೆ. ಜೀನ್ ಬಗ್ಗೆ ಒಂದು ಮಾತೂ ಇಲ್ಲ. ಬೇಡವೆಂದ ವಿಭಾಗಕ್ಕೆ ಬೇಗ ತಿಳಿಸಿ, ಆ ಸೀಟಿಗೆ ಇನ್ಯಾರೋ ಕಾಯುತ್ತಿರುತ್ತಾರೆ. ಮರ್ಯಾದೆಯಿಂದ ಬರೆಯಿರಿ, ನಾಳೆ ನಿಮ್ಮ ಸಂಶೋಧನಾ ಸಮಿತಿಯಲ್ಲಿ ಅವರೇ ಕೂತಿರಬಹುದು.